ಎಣ್ಣೆಗೆ ಚಾಚದ ಕೈ

ನನ್ನ ಅಣ್ಣ ಸರ್ವೋತ್ತಮನಿಗೆ ಸಂವಿಧಾನದ ಇಪ್ಪತ್ತೈದನೇ ವಿಧಿ ಬಾಯಿಪಾಠ ಆದದ್ದು ಕೊರೋನದ ಎರಡನೇ ಅಲೆ ಬಂದಾಗ. ಅದುವರೆಗೆ ಅವನಿಗೆ ಬಾಯಿಪಾಠ ಇದ್ದದ್ದು ಥಾಣೆಯ ತನ್ನ ಹೋಟೆಲಿನ ತಿಂಡಿಗಳ ಹೆಸರು ಮಾತ್ರ. ಹೋಟೆಲು ಮುಚ್ಚಿ ಊರಿಗೆ ಬಂದವನು ಮಟ್ಟುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೋಗುವವರಿಗೂ ಬರುವವರಿಗೂ ಅದನ್ನೇ ಹೇಳಿದ. ನಮ್ಮ ಧರ್ಮ ನಮ್ಮ ಹಕ್ಕು, ಬೇಡ ಅನ್ನಲಿಕ್ಕೆ ಸರಕಾರ ಯಾರು ಅಂತ.

ಇಷ್ಟೆಲ್ಲ ಜುಮಾದಿಯ ನೇಮಕ್ಕೆ. ಜುಮಾದಿ ನಮ್ಮ ಕುಟುಂಬದ ದೈವ. ವರ್ಷಕ್ಕೊಮ್ಮೆ ಮನೆಯಂಗಳದಲ್ಲಿ ನೇಮ ಕೊಡದೆ ಬಿಟ್ಟದ್ದು ನನಗೆ ನೆನಪಿಲ್ಲ. ಆ ವರ್ಷ ಆದೇಶ ಬಂತು. ಅರ್ಚಕರು ಮಾತ್ರ ಪೂಜೆ ಮಾಡಬಹುದು, ಜನ ಸೇರುವ ಹಾಗಿಲ್ಲ. ಅದನ್ನು ಬರೆದವರಿಗೆ ದೇವಸ್ಥಾನ ಗೊತ್ತುಂಟು, ನೇಮ ಗೊತ್ತಿಲ್ಲ. ಗುಡಿಯ ಬಾಗಿಲು ಹಾಕಿ ಭಟ್ಟರೊಬ್ಬರೇ ಪೂಜೆ ಮುಗಿಸಿಯಾರು. ದೈವ ಹಾಗಲ್ಲ, ವೇಷ ಕಟ್ಟಿದವನ ಮೈಮೇಲೆ ಬಂದು ಮನೆಯವರನ್ನು ಕರೆದು ಮಾತನಾಡುತ್ತದೆ. ಉತ್ತರ ಕೊಡಲಿಕ್ಕೆ ಯಾರಾದರೂ ಬೇಡವಾ? ಇದನ್ನು ನಾನೇ ಕಾಪುವಿನ ತಾಲೂಕು ಕಚೇರಿಗೆ ಹೋಗಿ ಹೇಳಿದೆ. ಅಣ್ಣ ಹೋಗಿದ್ದರೆ ಜಗಳ ಆಗಿ ಬರುತ್ತಿತ್ತು ಅಷ್ಟೆ. ಅಲ್ಲಿಯ ಅಧಿಕಾರಿ ಒಬ್ಬರು ಹೆಂಗಸು, ಪೂರ್ತಿ ಕೇಳಿಸಿಕೊಂಡರು. ಮನೆಯವರು ಐದೇ ಜನ, ಹಗಲು ಹೊತ್ತಿನಲ್ಲಿ, ಮಾಸ್ಕು ಹಾಕಿಕೊಂಡು ಅಂತ ಒಪ್ಪಿದರು. ನಾನು ಗೆದ್ದೇ ಬಂದೆ.

ಅಣ್ಣನಿಗೆ ಅದು ಸಾಕಾಗಲಿಲ್ಲ. ರಾತ್ರಿಯ ನೇಮ ಹಗಲಿಗೆ, ಅದೂ ಐದು ಜನಕ್ಕೆ, ಇದೆಂತ ನಾಟಕವಾ ಅಂದ. ಮುಂಬೈ, ಪುಣೆಯ ಹೋಟೆಲುಗಳನ್ನು ಮುಚ್ಚಿ ಬಂದ ಕುಟುಂಬದವರೆಲ್ಲ ಶಿರ್ವ, ಸಂತೆಕಟ್ಟೆ, ಕಾರ್ಕಳ ಅಂತ ಸುತ್ತಮುತ್ತಲೇ ಇದ್ದರು. ಸದ್ದಿಲ್ಲದೆ ಅರುವತ್ತು ಜನರಿಗೂ ಅಣ್ಣನ ಫೋನು ಹೋಯಿತು. ಉಡುಪಿಯಲ್ಲಿ ಲಾ ಓದುವ ನನ್ನ ಮಗಳು ನಿಖಿತಾ, ಮಾವ, ನೀವು ಓದಿದ್ದು ಅರ್ಧ ವಾಕ್ಯ, ಆ ಹಕ್ಕು ಆರೋಗ್ಯಕ್ಕೆ ಒಳಪಟ್ಟದ್ದು ಅಂತ ಮೊದಲೇ ಬರೆದಿದ್ದಾರೆ ಅಂದಳು. ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ.

ನನಗೆ ಪಿತ್ತ ನೆತ್ತಿಗೇರಿದ್ದು ಬೇರೆ ಕಾರಣಕ್ಕೆ. ಅಣ್ಣನಿಗೆ ಹಕ್ಕಿನ ಚಿಂತೆ, ಕಚೇರಿಯವರಿಗೆ ಗುಂಪಿನ ಚಿಂತೆ, ಮಗಳಿಗೆ ವಾಕ್ಯದ ಚಿಂತೆ. ದೈವ ಕಟ್ಟುವ ಅಂಗರಣ್ಣನ ಹೆಸರನ್ನು ಒಬ್ಬರೂ ಎತ್ತಲಿಲ್ಲ ಮಾರಾಯ್ರೆ! ನೇಮದಲ್ಲಿ ಒಬ್ಬೊಬ್ಬರೂ ದೈವದ ಹತ್ತಿರ ಹೋಗುತ್ತಾರೆ. ದೈವ ತಲೆಯ ಮೇಲೆ ಕೈಯಿಟ್ಟು, ಮುಖಕ್ಕೆ ಮುಖ ಕೊಟ್ಟು ಕಷ್ಟಸುಖ ಕೇಳುತ್ತದೆ. ಬಣ್ಣ ಬಳಿದ ಮುಖಕ್ಕೆ ಮಾಸ್ಕು ಹಾಕಲಿಕ್ಕೆ ಉಂಟಾ? ಅರುವತ್ತು ಜನರ ಉಸಿರು ಆ ಒಬ್ಬ ಮನುಷ್ಯನ ಮುಖಕ್ಕೆ. ಅಂಗರಣ್ಣನಿಗೆ ಸಕ್ಕರೆ ಕಾಯಿಲೆ, ಲಸಿಕೆ ಸಿಕ್ಕಿರಲಿಲ್ಲ. ಅವರ ಜೊತೆ ಡೋಲು ಬಡಿಯುತ್ತಿದ್ದವನು ಅದೇ ತಿಂಗಳು ಕೊರೋನದಲ್ಲಿ ತೀರಿಹೋಗಿದ್ದ.

ಅವರ ಮನೆಗೆ ಹೋಗಿ ಕೇಳಿದೆ. ಕಟ್ಟಬೇಡಿ ಅಂತ ನಾನು ಹೇಳಿದರೆ ತಪ್ಪಾಗುತ್ತದಾ ಅಂತ. ಅವರಿಗೆ ಬೇಸರವಾಯಿತು.

"ನೇಮ ನಾನು ಬಿಡುವವನಲ್ಲ ಅಕ್ಕ. ಅದು ನಿಮ್ಮ ಹಕ್ಕಾದರೆ ನನ್ನದೂ ಹಕ್ಕೇ ಅಲ್ವಾ?" ಅಂದರು.

ಹೌದಲ್ಲ ಅನ್ನಿಸಿತು. ಮತ್ತೆ ಆ ಅರುವತ್ತು ಜನರನ್ನು ಎಂತ ಮಾಡುವುದು ಅಂತ ಕೇಳಿದರೆ, ಎಣ್ಣೆ ಕೊಡುವಾಗ ನೋಡುವ ಅಂತ ಮಾತು ಮುಗಿಸಿದರು.

ನೇಮದ ದಿನ ಮನೆಯ ಯಜಮಾನ ದೈವ ಕಟ್ಟುವವನಿಗೆ ಎಣ್ಣೆ, ವೀಳ್ಯ ಕೊಡುವುದು ಕ್ರಮ. ಅವನು ಕೈ ಚಾಚಿ ತೆಗೆದುಕೊಂಡು ಸ್ನಾನಕ್ಕೆ ಹೋದನೋ, ಅವನು ಒಪ್ಪಿದ ಹಾಗೆ, ಮುಂದಿನದು ನಡೆಯುತ್ತದೆ. ತೆಗೆದುಕೊಳ್ಳದಿದ್ದರೆ ಮುಖಕ್ಕೆ ಬಣ್ಣವೂ ಇಲ್ಲ, ಕಾಲಿಗೆ ಗಗ್ಗರವೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಬೇಡ ಅಂದವರಿಲ್ಲ. ಅಂಥದ್ದೊಂದು ಆಗಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ.

ಆ ಬೆಳಿಗ್ಗೆ ಅಂಗಳ ತುಂಬ ಜನ. ಅರ್ಧದಷ್ಟು ಜನರ ಮಾಸ್ಕು ಗಲ್ಲದಲ್ಲಿ. ಹಿಂದೆ ಯಾರೋ ಕೆಮ್ಮಿ, ಧೂಳು ಧೂಳು ಅಂದರು. ಅಣ್ಣ ರೇಷ್ಮೆ ಮುಂಡು ಉಟ್ಟು, ಎಣ್ಣೆಯ ಗಿಂಡಿ ಎತ್ತಿ ಮುಂದೆ ಹಿಡಿದ. ಅಂಗರಣ್ಣ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತರು.

ಅಣ್ಣ ಮೊದಲು ನಕ್ಕ. ಆಮೇಲೆ ತೆಗೆದುಕೋ ಅಂದ. ಆಮೇಲೆ ಗಿಂಡಿಯನ್ನು ಇನ್ನಷ್ಟು ಮುಂದೆ ಚಾಚಿದ.

"ಧಣಿಗಳೇ, ಐದು ಜನರಾದರೆ ಈಗಲೇ ತೆಗೆದುಕೊಳ್ಳುತ್ತೇನೆ," ಅಂದರು ಅಂಗರಣ್ಣ. "ಇಷ್ಟು ಜನರಿಗೆ ಕಟ್ಟಿದರೆ ಮುಂದಿನ ವರ್ಷ ಈ ಎಣ್ಣೆ ಯಾರ ಕೈಗೆ ಕೊಡುತ್ತೀರಿ?"

"ದೈವ ನಿನ್ನನ್ನು ಕಾಯುವುದಿಲ್ಲವಾ? ನಂಬಿಕೆ ಇಲ್ಲವಾ ನಿನಗೆ?"

"ಕಾಯುತ್ತದೆ. ಅದಕ್ಕೇ ಈ ಮಾತು ಈಗ ನನ್ನ ಬಾಯಲ್ಲಿ ಬಂತು."

ಅಣ್ಣನ ಮುಖ ನೋಡಬೇಕಿತ್ತು. ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ನಮ್ಮದು ಅಳಿಯಕಟ್ಟು. ಎಣ್ಣೆ ಕೊಡುವುದು ಅಣ್ಣನಾದರೂ ಮನೆ ಹೆಣ್ಣುಮಕ್ಕಳ ಪಾಲಿನದು, ಈಗ ನನ್ನದು. ಜಗಲಿಯ ಮೇಲೆ ನಿಂತು ಹೇಳಿದೆ, ಐದು ಜನ ಬಿಟ್ಟು ಉಳಿದವರೆಲ್ಲ ಅಂಗಳದ ಪಾಗಾರ ಗೋಡೆಯ ಆಚೆ ಹೋಗಿ, ದೂರ ದೂರ ನಿಲ್ಲಿ, ದೈವಕ್ಕೆ ಕಣ್ಣು ಚೆನ್ನಾಗಿ ಕಾಣುತ್ತದೆ ಅಂತ. ಪುಣೆಯ ಚಿಕ್ಕಪ್ಪನಿಗೆ ಅವಮಾನವಾಯಿತಂತೆ. ಆಗಲಿ ಅಂದೆ. ಗೊಣಗಿಕೊಂಡೇ ಹೋದರು. ಪಾಗಾರದ ಆಚೆ ನನ್ನ ಗುಳ್ಳ ಬದನೆಯ ಗದ್ದೆ. ಗಿಡ ಮೆಟ್ಟಿದರೆ ಜಾಗ್ರತೆ ಅಂತ ಅದನ್ನೂ ಕೂಗಿ ಹೇಳಿದೆ. ಅಂಗಳ ಖಾಲಿಯಾದ ಮೇಲೆ ಅಂಗರಣ್ಣ ಕೈ ಮುಂದೆ ಚಾಚಿ ಎಣ್ಣೆ ತೆಗೆದುಕೊಂಡರು.

ಅಂಥ ನೇಮ ನಾನು ಕಂಡದ್ದಿಲ್ಲ. ಬಿಸಿಲಿನಲ್ಲಿ ಜುಮಾದಿಯ ಬಣ್ಣ ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು. ನುಡಿ ಕೊಡುವ ಹೊತ್ತಿಗೆ ದೈವ ನಮ್ಮನ್ನು ದಾಟಿ ನೇರ ಪಾಗಾರದ ಕಡೆ ನಡೆಯಿತು. ಸಾಕಷ್ಟು ಈಚೆಗೇ ನಿಂತು, ಗದ್ದೆಯಲ್ಲಿದ್ದವರ ಕಡೆ ಅಡಿಕೆಯ ಹಿಂಗಾರ ಎರಚಿ, ತುಳುವಿನಲ್ಲಿ ಹೇಳಿತು: "ಮುಟ್ಟದೆಯೂ ಕಾಯಲಿಕ್ಕೆ ಗೊತ್ತುಂಟು ನನಗೆ." ಗದ್ದೆಯಲ್ಲಿ ಎಲ್ಲರೂ ಕೈ ಮುಗಿದರು. ಪುಣೆಯ ಚಿಕ್ಕಪ್ಪ ಅಳುತ್ತಿದ್ದರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಗದ್ದೆಯವರು ಊಟದ ಪೊಟ್ಟಣ ಹಿಡಿದು ಹೊರಟರು. ಅಂಗರಣ್ಣ ಬಣ್ಣ ತೊಳೆದು ಬಂದು ಅಂಗಳದ ಕೊನೆಯಲ್ಲಿ ಕೂತರು. ಅವರ ಅಪ್ಪ, ಅಜ್ಜ ಕೂತ ಜಾಗ ಅದು, ಅವರ ಜಾತಿಯವರು ಜಗಲಿ ಹತ್ತುವ ಕ್ರಮವಿಲ್ಲ. ನಾವು ಉಣ್ಣುವುದು ಜಗಲಿಯಲ್ಲಿ. ನಾನು ಅವರಿಗೆ ಎಲೆ ಹಾಕಿ, ನಮ್ಮವರಿಗೆ ಆಚೆ ನಿಲ್ಲಲು ತುಂಬ ಬೇಸರವಾಯಿತು ಪಾಪ, ಆದರೂ ನಿಮ್ಮ ಜೀವ ಉಳಿಯಿತಲ್ಲ ಅಂದೆ.

ಅಂಗರಣ್ಣ ಎಲೆಗೆ ನೀರು ಚಿಮುಕಿಸಿದರು. ಸಿಟ್ಟೇನೂ ಇರಲಿಲ್ಲ ಅವರಿಗೆ.

"ನಿಮ್ಮವರಿಗೆ ಒಂದು ಹೊತ್ತು ಅಕ್ಕ. ನಾವು ಹುಟ್ಟಿದಾಗಿನಿಂದ ಆಚೆಯೇ ನಿಂತವರು. ನಮಗೆ ಬಂದ ಆದೇಶ ಯಾವ ಕಾಯಿಲೆಗೆ?"

ನಿಖಿತಾ ಜಗಲಿಯಲ್ಲಿ ಐದು ಎಲೆ ಹಾಕಿ ಆಗಿತ್ತು. ಅವನ್ನೆಲ್ಲ ಎತ್ತಿ ಅಂಗಳಕ್ಕೆ ತಾ, ಅಂಗರಣ್ಣನ ಸಾಲಿನಲ್ಲೇ ಹಾಕು, ನಡುವೆ ಎಷ್ಟು ಅಂತರ ಬೇಕೋ ಅಷ್ಟು ಬಿಡು ಅಂದೆ. ಅಣ್ಣ ಏನೋ ಹೇಳಲಿಕ್ಕೆ ಬಾಯಿ ತೆರೆದ. ನಾನು ಅವನ ಮುಖ ನೋಡುತ್ತಲೇ ನೆಲಕ್ಕೆ ಕೂತೆ. ಅವನು ಜಗಲಿಯಲ್ಲಿ ಒಬ್ಬನೇ ನಿಂತ. ನಿಖಿತಾ ಅನ್ನದ ಪಾತ್ರೆ ತಂದಾಗ ರೇಷ್ಮೆ ಮುಂಡನ್ನು ಎತ್ತಿ ಕಟ್ಟಿ ಇಳಿದು ಬಂದ, ಸಾಲಿನ ಕೊನೆಯ ಎಲೆಯ ಮುಂದೆ ಕೂತ.

ಮೊದಲು ಅಂಗರಣ್ಣನಿಗೆ ಬಡಿಸು ಅಂತ ಹೇಳಿದವನು ಅವನೇ.