ಎಂಬತ್ತು ಕುಣಿಕೆಗಳ ಟೋಪಿ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಮೂವತ್ತೊಂದು ವರ್ಷ ಹಲಸೂರಿನ ಶಾಲೆಯೊಂದರಲ್ಲಿ ಗದ್ಯರಚನೆ ಕಲಿಸಿದವನಿಗೆ ಈ ಪ್ರಶ್ನೆ ಏಳಬಾರದು. ಆದರೆ ಓದುಗರೇ, ನನ್ನ ವಸ್ತು ಒಂದು ಉಣ್ಣೆಯ ಟೋಪಿ. ಅದು ದುಂಡಗಿದೆ. ದುಂಡಗಿರುವುದಕ್ಕೆ ಪೀಠಿಕೆ ಎಲ್ಲಿ?

ಮೊದಲ ಕರಡು ಹೀಗಿತ್ತು: “ಡಿಸೆಂಬರಿನ ಮಂಜು ಹಲಸೂರು ಕೆರೆಯನ್ನು ಮೃದುವಾಗಿ ಅಪ್ಪಿಕೊಂಡಿತ್ತು.” ಹೊಡೆದುಹಾಕಿದ್ದೇನೆ. (ಆ ಹೊತ್ತಿನಲ್ಲಿ ನಾನು ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಮುಸುಕು ಹೊದ್ದಿದ್ದೆ.)

೨

ನಡೆದದ್ದು ಇಷ್ಟು. ನನ್ನ ರಕ್ತದೊತ್ತಡ ಏರಿತ್ತು, ನಿದ್ದೆ ಬಿಟ್ಟುಹೋಗಿತ್ತು. ಮನಸ್ಸಿಗೆ ವಿಶ್ರಾಂತಿ ಕೊಡುವ ಹವ್ಯಾಸವೊಂದನ್ನು ಹಿಡಿಯಿರಿ ಎಂದರು ಡಾಕ್ಟರು. ನನ್ನ ಹೆಂಡತಿ ವೇದಾ ನನ್ನನ್ನು ಮರ್ಫಿ ಟೌನಿನ ಹಮೀದಾ ಅವರ ಬಳಿಗೆ ಅಟ್ಟಿದಳು. ಹಮೀದಾ ಉಲ್ಲನ್ ದಾರ ಮಾರುತ್ತಾರೆ. ಮಧ್ಯಾಹ್ನ ಅಂಗಡಿಯ ಒಳಕೋಣೆಯಲ್ಲಿ ನಾಲ್ಕಾರು ಹೆಂಗಸರಿಗೆ ಹೆಣಿಗೆ ಕಲಿಸುತ್ತಾರೆ. ಅಲ್ಲಿ ಗಂಡಸು ನಾನೊಬ್ಬನೇ.

ಎರಡನೆಯ ವಾರ, ಕಡ್ಡಿಗೆ ಕಡ್ಡಿ ತಾಗುವ ಸಣ್ಣ ಸದ್ದಿನ ನಡುವೆ, ವರ್ಷಗಳಿಂದ ಬಿಗಿಹಿಡಿದಿದ್ದ ದವಡೆ ತಾನಾಗಿ ಸಡಿಲವಾಯಿತು. ಮನೆಗೆ ಬಂದವನು ಎಂಟು ಗಂಟೆ ನಿದ್ದೆ ಮಾಡಿದೆ. ಇಂಥ ಉಪಕಾರಕ್ಕೆ ಏನು ಹೇಳುವುದು? ವಂದನಾಪತ್ರ ಬರೆಯುವ ಕ್ರಮವನ್ನು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟ ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ.

೩

ವಾಕ್ಯ ಹೊಳೆಯದ್ದರಿಂದ ಒಂದು ಟೋಪಿಯ ಮಾತು ಕೊಟ್ಟೆ. ಹಮೀದಾರ ಗಂಡ ಮಂಜೂರ್ ಅವರಿಗೆ ಕಿವಿಯ ಆಪರೇಷನ್ ಆಗಿತ್ತು. ಸೋಮವಾರದಿಂದ ಅವರು ಮತ್ತೆ ಬೆಳಗಿನ ಜಾವ ಕೆ.ಆರ್. ಪುರದ ಮಾರ್ಕೆಟ್ಟಿಗೆ ತರಕಾರಿ ಟೆಂಪೊ ಓಡಿಸಬೇಕು. ಥಂಡಿ ಗಾಳಿ ಸೋಕಕೂಡದು. ಅಂಗಡಿಯ ಮಂಕಿ ಕ್ಯಾಪುಗಳು ಬಿಗಿಯಾಗಿ ಗಾಯವನ್ನು ಒತ್ತುತ್ತವೆ. ಹಮೀದಾ ಒಂದೇ ದಿನದಲ್ಲಿ ಟೋಪಿ ಹೆಣೆದುಬಿಡಬಲ್ಲರು. ನೀವು ಕೈ ಹಾಕಬೇಡಿ, ಅದು ನನ್ನ ಕಾಣಿಕೆ ಎಂದು ತಡೆದವನು ನಾನು.

ಸರಳವಾದ ಟೋಪಿ. ವಯರಿನಿಂದ ಜೋಡಿಸಿದ ಎರಡು ಕಡ್ಡಿಗಳ ಮೇಲೆ ಎಂಬತ್ತು ಕುಣಿಕೆ. ಸುತ್ತುತ್ತಾ ಹೋಗುವುದು, ಅಷ್ಟೆ. ಮೊದಲ ಸಲ ಕುಣಿಕೆಗಳ ಸಾಲು ತಿರುಚಿಕೊಂಡಿದ್ದನ್ನು ನೋಡದೆ ಸುತ್ತು ಕೂಡಿಸಿದೆ. ಬಿಚ್ಚಲೇಬೇಕಾಯಿತು. ಎರಡನೆಯ ಸಲ ಒಂದೇ ಒಂದು ಕುಣಿಕೆ ಉಲ್ಟಾ ಬಿದ್ದಿತ್ತು. ಯಾರ ಕಣ್ಣಿಗೂ ಕಾಣದ ತಪ್ಪು. ಮನೆಯಲ್ಲಿ ಕುಳಿತು ಪೂರ್ತಿ ಬಿಚ್ಚಿದೆ. (ಒಂದು ಒತ್ತಕ್ಷರ ತಪ್ಪಿದರೆ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದವನ ಕೈ ಇದು.)

ಭಾನುವಾರ ಮಧ್ಯಾಹ್ನ, ಮೂರನೆಯ ಟೋಪಿ ನೆತ್ತಿಯವರೆಗೆ ಬಂದಾಗ, ಕಿವಿಯ ಮೇಲೆ ಬರುವ ಜಾಗದಲ್ಲಿ ಎರಡು ಕುಣಿಕೆಗಳು ಉಲ್ಟಾ ಇರುವುದು ಕಂಡಿತು. ಹಮೀದಾ ಕೋಣೆಯೊಳಗೆ ಬಂದಾಗ ನಾನು ಕಡ್ಡಿಯನ್ನು ಎಳೆದುಹಾಕುವುದರಲ್ಲಿದ್ದೆ.

೪

“ಅವರು ಸಹನೆಯಿಂದ ಮುಗುಳ್ನಕ್ಕು ನನ್ನನ್ನು ತಡೆದರು” ಎಂದು ಇಲ್ಲಿ ಬರೆದಿದ್ದೆ. ಓದಿ ಹೇಳಿದಾಗ ಹಮೀದಾ ಒಪ್ಪಲಿಲ್ಲ.

“ಸುಳ್ಳು ಬರೀಬೇಡಿ ಮೇಷ್ಟ್ರೇ. ಅವತ್ತು ನಾನು ಬೈದೆ.”

ಬೈಗುಳ ಶೈಲಿಗೆ ಹೊಂದುವುದಿಲ್ಲ, ಸ್ವಲ್ಪ ಮೃದುಗೊಳಿಸಲೇ ಎಂದು ಕೇಳಿದೆ. ಹಾಗಾದರೆ ನನ್ನ ಹೆಸರನ್ನೇ ತೆಗೆಯಿರಿ ಎಂದರು. ಆದ್ದರಿಂದ ನಡೆದಂತೆಯೇ:

“ಹೆಣಿಗೆ ಕಲಿಯೋಕ್ ಬಂದ್ರಾ, ಪರೀಕ್ಷೆ ಬರೆಯೋಕ್ ಬಂದ್ರಾ? ನಾಳೆ ಬೆಳಿಗ್ಗೆ ಇವ್ರು ಹೊರಡ್ತಾರೆ. ನಿಮ್ ಮರ್ಯಾದೆನ ಕಿವಿಗ್ ಸುತ್ಕೊಂಡ್ ಹೋಗ್ಬೇಕಾ?”

ಬಾಗಿಲ ಬಳಿ ಮಂಜೂರ್ ಹತ್ತಿಯಿಡದ ಕಿವಿಯನ್ನು ನಮ್ಮ ಕಡೆಗೆ ತಿರುಗಿಸಿ ಕುಳಿತಿದ್ದರು. “ಬಿಚ್ಬೇಡಿ ಸಾರ್,” ಎಂದರು. “ಕಿವಿಗೆ ಕಣ್ಣಿರಲ್ಲ.”

ನಾನು ಆಸೆಯಿಂದ ಕೇಳಿದೆ: ನನಗೆ ತಿಳಿಯದಂತೆ ಹಮೀದಾ ಇನ್ನೊಂದು ಟೋಪಿಯನ್ನು ಹೆಣೆದಿಟ್ಟಿರಬಹುದಲ್ಲವೆ?

“ಇಲ್ಲ,” ಎಂದರು ಹಮೀದಾ. “ನೀವ್ ಬೇಡ ಅಂದಿದ್ರಲ್ಲ.”

೫

ಇಲ್ಲಿ ಅಂತ್ಯಗಳು.

ಮೊದಲನೆಯದು: ಲೇಖಕ ಟೋಪಿಯನ್ನು ಬಿಚ್ಚುತ್ತಾನೆ, ಮಂಜೂರ್ ತಲೆಗೆ ಟವೆಲ್ ಸುತ್ತಿಕೊಂಡು ಹೋಗುತ್ತಾರೆ. (ದುರಂತ, ವಿಮರ್ಶಕರಿಗೆ ಪ್ರಿಯ. ನನಗೆ ನಾಚಿಕೆ.)

ಎರಡನೆಯದು: ನೆತ್ತಿಯನ್ನು ಮುಚ್ಚದೆ, ಓದುಗರೇ ಊಹಿಸಿಕೊಳ್ಳಲಿ ಎಂದು ಬಿಡುವುದು. ಇದು ಬಹಳ ಮಾಡರ್ನ್. ವೇದಾಳಿಗೆ ಹೇಳಿದೆ. “ಕಥೆ ಹಾಗ್ ಬಿಡಿ ಬೇಕಾದ್ರೆ. ಟೋಪಿ ಹಾಗ್ ಬಿಟ್ರೆ ಗಾಳಿ ಒಳಗ್ ಹೋಗತ್ತೆ,” ಎಂದಳು.

ಮೂರನೆಯದಕ್ಕೆ ಹೆಸರಿಲ್ಲ. ಕುಣಿಕೆಗಳನ್ನು ಎರಡೆರಡಾಗಿ ಕೂಡಿಸಿ ಕಡಿಮೆ ಮಾಡುತ್ತಾ ಬಂದೆ. ಎಂಟು ಉಳಿದಾಗ ಹಮೀದಾ ದಾರ ಕತ್ತರಿಸಿ ಸೂಜಿಗೆ ಪೋಣಿಸಿಕೊಟ್ಟರು. ಎಂಟರೊಳಗೂ ದಾರ ತೂರಿಸಿದೆ. ಕೈ ತಡೆಯಿತು. ಎಳೆದರೆ ಆ ಎರಡು ತಪ್ಪುಗಳು ನನ್ನ ಹೆಸರಿನಲ್ಲಿ ಊರೆಲ್ಲ ಓಡಾಡುತ್ತವೆ. ಹಮೀದಾ ಟೋಪಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು, ಅವಸರ ಮಾಡಲಿಲ್ಲ. ದಾರ ಎಳೆಯುವುದು, ನಾನು ಹೇಳಬೇಕೆಂದಿದ್ದ ವಂದನೆಯ ವಾಕ್ಯ ಅದೇ ಇರಬೇಕು. ಎಳೆದೆ. ನೆತ್ತಿ ಮುಚ್ಚಿಕೊಂಡಿತು.

೬

ಮಂಜೂರ್ ಅದನ್ನು ನಿಧಾನವಾಗಿ ಕಿವಿಯ ಮೇಲೆ ಎಳೆದುಕೊಂಡರು. ನೋಯುತ್ತದೆಯೇ ಎಂದು ಹಮೀದಾ ತಮ್ಮ ದಖ್ಖನಿ ಉರ್ದುವಿನಲ್ಲಿ ಕೇಳಿದರು. ಮಂಜೂರ್, ಮೇಷ್ಟ್ರಿಗೆ ಚಹಾ ತರುತ್ತೇನೆಂದು ಎದ್ದರು.

ಹೊರಗೆ ಮಧ್ಯಾಹ್ನದ ಬಿಸಿಲು. ಆದರೂ ಟೋಪಿ ತೆಗೆಯಲಿಲ್ಲ. ಎಡಬದಿಯಲ್ಲಿ ಎರಡು ಸಣ್ಣ ಗಂಟುಗಳು ನನಗೆ ಮಾತ್ರ ಕಾಣುವಂತೆ ಎದ್ದು ನಿಂತಿದ್ದವು. ಎದುರಿನ ಚಹಾ ಅಂಗಡಿಗೆ ದಾಟಲು ಅವರು ಆಟೋವೊಂದನ್ನು ಕೈಯೆತ್ತಿ ತಡೆದು, ರಸ್ತೆಯ ಅರ್ಧಕ್ಕೆ ಬಂದಿದ್ದಾರೆ. ಕಿವಿ ವಾಸಿಯಾಯಿತೇ ಎಂದು ನೀವು ಕೇಳುತ್ತೀರಿ. ಕ್ಷಮಿಸಿ, ಅವರನ್ನು ಆಚೆ ಬದಿಗೆ ಮುಟ್ಟಿಸುವ ವಾಕ್ಯವನ್ನು ನಾನು ಬರೆಯುವುದಿಲ್ಲ. ಆ ಟೋಪಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕಾಗಿದೆ.