ಬೂದನ ಚಾಪೆಯ ಕೆಳಗೆ

ಅಪಾರ್ಟ್‌ಮೆಂಟಿನ ಹೊಸ ಮನೆಗೆ ಬಂದ ಎರಡೇ ವಾರಕ್ಕೆ ನಮ್ಮ ನಾಯಿ ಬೂದ ಮಂಕಾದ. ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲುದುರಿ ಚರ್ಮ ಕೆಂಪಾಗಿತ್ತು. ಊಟ ಅರ್ಧಕ್ಕೇ ಬಿಡುತ್ತಿದ್ದ. ಬೆಳಿಗ್ಗೆ ಬೆಳಿಗ್ಗೆಯೇ ಬಾಯಗಲಿಸಿ ಆಕಳಿಸುತ್ತಿದ್ದ.

“ಸೋಂಬೇರಿ ಆಗಿದ್ದಾನೆ ಅಷ್ಟೆ,” ಅಂದರು ನಮ್ಮ ಯಜಮಾನರು.

ಪಶುವೈದ್ಯೆ ರಕ್ತಪರೀಕ್ಷೆ ಮಾಡಿಸಿ, “ಮೈಗೇನೂ ಆಗಿಲ್ಲ. ಯಾವುದಕ್ಕೋ ಹೆದರ್ತಿದ್ದಾನೆ. ಯಾವ ಹೊತ್ತಲ್ಲಿ ಹೀಗೆ ಮಾಡ್ತಾನೆ, ಕೂತು ನೋಡಿ,” ಅಂದರು.

ಹೊಲಿಗೆಯವಳು ನಾನು, ಕೂರಲು ಪುರುಸೊತ್ತೆಲ್ಲಿ? ಕೂತವರು ನಮ್ಮತ್ತೆ. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಅವರ ಕಿವಿ ಹೋಗಿತ್ತು. ಅಲ್ಲಿಂದೀಚೆಗೆ ಜನರ ತುಟಿ, ಹುಬ್ಬು, ಭುಜ ನೋಡಿಯೇ ಬದುಕಿದವರು.

ಮೂರನೇ ಬೆಳಿಗ್ಗೆ ಕೂಗಿದರು: “ಬಾರೇ ಇಲ್ಲಿ! ಇದು ನಿದ್ದೆ ಆಕಳಿಕೆ ಅಲ್ಲ. ಕಿವಿ ಹಿಂದಕ್ಕೆ ಅಂಟಿದೆ ನೋಡು. ಕಣ್ಣಂಚಲ್ಲಿ ಬಿಳಿ ಕಾಣ್ತಿದೆ. ಪಾಪ, ಜೀವ ಕೈಲಿ ಹಿಡ್ಕೊಂಡು ಕೂತಿದೆ ಕಣೇ!”

ಆಮೇಲೆ ಬೂದನ ಚಾಪೆಯ ಪಕ್ಕ ಅಂಗೈ ಊರಿ, “ನೆಲ ನಡುಗ್ತಿದೆ,” ಅಂದರು.

ನಾನೂ ಕೈಯಿಟ್ಟೆ. ಏನೂ ತಿಳಿಯಲಿಲ್ಲ. “ಹಾಗಲ್ಲ, ಮಲಕ್ಕೋ,” ಎಂದು ನನ್ನ ಕೆನ್ನೆಯನ್ನೇ ನೆಲಕ್ಕೆ ಒತ್ತಿದರು. ಉಸಿರು ಬಿಗಿಹಿಡಿದೆ. ದವಡೆಯ ಮೂಳೆಯೊಳಗೆ ಸಣ್ಣಗೆ ಗುಂಯ್ ಎಂದಿತು. ದಿನಾ ಇದರ ಮೇಲೇ ಮಲಗುತ್ತಿತ್ತಲ್ಲ ಈ ಮೂಕಪ್ರಾಣಿ!

ಯಜಮಾನರು ಕೆಳಗೆ ಓಡಿದರು. ನೀರಿನ ಮೋಟಾರು ಓಡುತ್ತಿತ್ತು. ಮೇಲೆ ಬರುವ ಪೈಪನ್ನು ಹಿಡಿದಿಡುವ ಕ್ಲಾಂಪು ಸರಿಯಾಗಿ ನಮ್ಮ ನೆಲದಡಿ ಸಡಿಲವಾಗಿತ್ತು. ಪ್ಲಂಬರ್ ಬಂದು ರಬ್ಬರ್ ಪಟ್ಟಿಯಿಟ್ಟು ಬಿಗಿದ. ನಾವು ಚಾಪೆಯನ್ನು ಅತ್ತೆಯ ಕೋಣೆಯ ಮೂಲೆಗೆ ಒಯ್ದೆವು. ಬೂದ ತಾನಾಗಿ ಹತ್ತಿರ ಬರುವವರೆಗೆ ಯಾರೂ ಮುಟ್ಟಕೂಡದೆಂದು ಅತ್ತೆಯ ಅಪ್ಪಣೆ. ಯಜಮಾನರು ಸಹ ಪಾಲಿಸಿದರು.

ಐದನೇ ದಿನ ಬೂದ ತಟ್ಟೆ ಖಾಲಿ ಮಾಡಿ, ನಾಲ್ಕೂ ಕಾಲು ಚಾಚಿ, ಮಗ್ಗುಲಿಗುರುಳಿ ನಿದ್ದೆಹೋದ.

ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದೂ ಕೇಳದಿದ್ದದ್ದನ್ನು ಅಂದು ಕೇಳಿದೆ: “ಅತ್ತೆ, ನಿಮಗೆ ಇನ್ನೂ ಏನೇನು ಗೊತ್ತಾಗುತ್ತೆ?”

ಅವರು ನಕ್ಕು, ನನ್ನ ಅಂಗೈಯನ್ನು ಗೋಡೆಗೆ ಒತ್ತಿದರು. “ತಡಿ... ಇದು ಲಿಫ್ಟು. ಇದು ಮೇಲಿನ ಮನೆ ಮಗು, ಒಂಟಿ ಕಾಲಲ್ಲಿ ಕುಣೀತಿದೆ...”

ಹೊಲಿಯಬೇಕಿದ್ದ ರವಿಕೆಗಳು ಹಾಗೇ ಬಿದ್ದಿದ್ದವು. ನಾನು ಗೋಡೆ ಬಿಟ್ಟು ಕದಲಲಿಲ್ಲ.