ನೆಲಮಾಳಿಗೆಯ ಹನ್ನೊಂದು ಮೆಟ್ಟಿಲು

ಅತ್ತೆಯ ಒದ್ದೆ ಹೆಜ್ಜೆಗಳು ಕೆಳಗಿನಿಂದ ಏಳನೆಯ ಮೆಟ್ಟಿಲಿನವರೆಗೆ ಕಾಣುತ್ತಿದ್ದವು. ಎಂಟನೆಯದಕ್ಕೆ ಬರುವಷ್ಟರಲ್ಲಿ ಅಂಗಾಲಿನ ನೀರು ಕಲ್ಲಿಗೆ ಇಂಗಿಹೋಗಿರುತ್ತಿತ್ತು. ನೆಲಮಾಳಿಗೆಗೆ ಇದ್ದದ್ದು ಹನ್ನೊಂದು ಮೆಟ್ಟಿಲು. ಮಳೆಗಾಲದಲ್ಲಿ ಕೆಳಗೆ ನೀರು ಬಂದಿದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ; ಮೆಟ್ಟಿಲು ನೋಡಿದರೆ ಸಾಕಿತ್ತು.

ಅತ್ತೆ ಎಂದರೆ ನನ್ನ ತಂದೆಯ ತಂಗಿ ಬನವ್ವ. ಊರಿನ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕ ಮೇಲೆ ನಾನು ಅವಳ ಮನೆಯಲ್ಲೇ ಇದ್ದೆ. ಅವಳ ಮಗ್ಗ ನೆಲಮಾಳಿಗೆಯಲ್ಲಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಮಗ್ಗ ಅದು. ಮಳೆ ಹಿಡಿದರೆ ಹಿಂಗೋಡೆಯಿಂದ ಜಿನುಗಿದ ನೀರು ಮೊದಲು ಆ ಕುಣಿಗೇ ಇಳಿಯುತ್ತಿತ್ತು. ಅತ್ತೆ ನೀರಿನಲ್ಲಿ ಕಾಲಿಟ್ಟುಕೊಂಡೇ ನೇಯುತ್ತಿದ್ದಳು. ಆ ವರ್ಷ ಪಾದ ಬಾತವು, ಬೆರಳ ಸಂದಿಗಳು ಬಿರಿದವು.

ಮಾವ ಎತ್ತರದ ಆಳು. ದೊಡ್ಡ ಚಪ್ಪಟೆ ಪಾದ, ಕಡಿಮೆ ಮಾತು. ಒಂದು ಸಂಜೆ ಅವಳ ಕಾಲಿಗೆ ಬೇವಿನೆಣ್ಣೆ ಹಚ್ಚುತ್ತ ಹೇಳಿದರು: "ಇನ್ನೊಮ್ಮೆ ಕೆಳಗ ನೀರು ಕಂಡ್ರ ಕುಣಿಗೆ ಮಣ್ಣ ಹಾಕಿ ಮುಚ್ತೀನಿ ನೋಡು."

"ಮುಚ್ಚರಿ. ನನ್ನೂ ಅದರಾಗ ಹಾಕಿ ಮುಚ್ಚರಿ."

ಅತ್ತೆ ನಗುತ್ತಲೇ ಅಂದಳು. ಆದರೆ ಆಮೇಲೆ ಊಟಕ್ಕೆ ಏಳಲಿಲ್ಲ.

ಮಗ್ಗ ಉಳಿಸುವ ಹೊಣೆಯನ್ನು ನಾನು ಹೊತ್ತುಕೊಂಡೆ. ಮೂರು ಮಳೆಗಳಲ್ಲಿ ನೀರು ಎಲ್ಲಿ ಒಡೆಯುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಹಿತ್ತಲು ಮನೆಯ ಕಡೆಗೇ ಇಳಿಜಾರಾಗಿತ್ತು. ಮೇಲಿನ ಮಾಳಿಗೆಯ ಮಳೆನೀರೂ ಅದೇ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ದಸ್ತಗೀರ ಎಂಬ ಗೌಂಡಿಯನ್ನು ಕರೆಸಿ, ಒಳಗಿನಿಂದ ಗಾರೆ ಮೆತ್ತಿದರೆ ಸಾಲದೇ ಎಂದು ಕೇಳಿದೆ.

"ಬಾಗಲಾ ಮುಚ್ಚಿದ್ರ ಕಿಡಕ್ಯಾಗ ಬರ್ತೈತ್ರಿ ನೀರು. ಹೋಗಾಕ ದಾರಿ ಕೊಡ್ರಿ, ತಾನ ಹೋಗ್ತೈತಿ."

ಗೋಡೆಯ ಹೊರಗೆ, ಕುಣಿಯ ತಳಕ್ಕಿಂತ ಒಂದು ಗೇಣು ಆಳಕ್ಕೆ ಅವನು ಕಾಲುವೆ ತೋಡಿದ. ತಳದಲ್ಲಿ ತೂತಿನ ಕೊಳವೆ ಹಾಸಿ, ಮೇಲೆ ಜಲ್ಲಿ ತುಂಬಿದ. ಹಿತ್ತಲಿನಾಚೆಯ ಓಣಿ ಕುಣಿಗಿಂತಲೂ ತಗ್ಗಿನಲ್ಲಿದ್ದುದರಿಂದ ಕೊಳವೆಯ ಬಾಯಿಯನ್ನು ಅಲ್ಲಿನ ಗಟಾರಕ್ಕೆ ಬಿಟ್ಟ. ಗೋಡೆಗೆ ಹೊರಗಿನಿಂದ ಗಾರೆ, ಅದರ ಮೇಲೆ ಡಾಂಬರು. ಕಡೆಗೆ ಮಣ್ಣು ಏರಿಸಿ ಹಿತ್ತಲಿನ ಇಳಿಜಾರನ್ನೇ ತಿರುಗಿಸಿದ.

ಮುಂದಿನ ಮಳೆಗಾಲ ಮೆಟ್ಟಿಲ ಮೇಲೆ ಒಂದು ಹೆಜ್ಜೆಯೂ ಮೂಡಲಿಲ್ಲ. ಮಾವ ದಿನವೂ ಬಗ್ಗಿ ನೋಡಿ ತಲೆಯಾಡಿಸುತ್ತಿದ್ದರು. ನನಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಚಳಿ ಕಳೆದು ಬಿಸಿಲೇರತೊಡಗಿದ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಮಾವ ಆ ಹೊತ್ತಿಗೆ ಹೊಳೆಗೆ ಸ್ನಾನಕ್ಕೆ ಹೋಗಿರುತ್ತಿದ್ದರು. ಅವರು ಬರುವ ಮುನ್ನ ಅರಿವೆಯಿಂದ ಒರೆಸಿಹಾಕಿದೆ. ನೇರ ದಸ್ತಗೀರನ ಮನೆಗೆ ಹೋಗಿ, ಕೆಲಸ ಕೆಡಿಸಿದೆ ಎಂದು ಬೈದೆ. ಅವನು ಮರುದಿನ ಅದೇ ಹೊತ್ತಿಗೆ ಬಂದ. ಹೆಜ್ಜೆಗಳು ಮತ್ತೆ ಮೂಡಿದ್ದವು.

ಬಗ್ಗಿ ನೋಡಿ ನಕ್ಕ. "ನಿನ್ನಿ ಅಷ್ಟು ಬೈದ್ರಲ್ಲ, ಬೆರಳು ಯಾ ಕಡೆ ಅದಾವ ನೋಡಿದ್ರೇನು?"

ಬೆರಳುಗಳು ಕೆಳಮುಖವಾಗಿದ್ದವು. ಮೇಲಿನ ಮೆಟ್ಟಿಲುಗಳಲ್ಲಿ ಗುರುತು ದಟ್ಟವಾಗಿತ್ತು, ಇಳಿದಂತೆಲ್ಲ ತೆಳುವಾಗಿತ್ತು. ನೀರು ಕೆಳಗಿನಿಂದ ಬಂದದ್ದಲ್ಲ, ಮೇಲಿನಿಂದ ಹೋದದ್ದು.

"ಪೇಪರಿನಾವ್ರಿಗೆ ಕಾಗದದ ಮ್ಯಾಲಿಂದಷ್ಟ ಕಾಣ್ತೈತೇನ್ರಿ?" ಎಂದು ಹೇಳಿ ದಸ್ತಗೀರ ಹೊರಟುಹೋದ.

ಕೆಳಗಿಳಿದೆ. ಅತ್ತೆ ಕೊಡವನ್ನು ಪಕ್ಕಕ್ಕಿಟ್ಟು, ಮಗ್ಗದ ಎರಡೂ ಬದಿಗೆ ಹರವಿದ ಉಸುಕಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಒಣ ಹವಾಕ್ಕ ಎಳಿ ಕಡೀತಾವೋ ತಮ್ಮಾ. ಒಂದೀಟು ತಂಪು ಬೇಕು. ಹಿಂದಿನವ್ರು ಮಗ್ಗ ಇಷ್ಟು ಕೆಳಗ ಯಾಕ ಹೂಡಿದ್ರಂತ ತಿಳಕೊಂಡೀದಿ?"

"ನನಗ ಹೇಳಬೇಕಿಲ್ಲೇನತ್ತಿ?"

"ಹ್ಯಾಂಗ ಹೇಳ್ಲಿ? ಅಷ್ಟು ಕಷ್ಟಪಟ್ಟು ಹಿತ್ತಲೆಲ್ಲಾ ಅಗಿಸ್ದಿ. ಕಾಲಿನ ಕಡೆ ಒಂದು ಹನಿ ಬಿಡಂಗಿಲ್ಲ, ನೋಡು, ಕುಣಿ ಒಣಾ ಐತಿ. ಆದ್ರ ನಿಮ್ಮ ಮಾವ ನೀರು ಕಂಡ್ರ ಮಣ್ಣ ಹಾಕ್ತಾರ. ಹೇಳಬ್ಯಾಡ."

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸುನೂಲಿನಲ್ಲಿ, ಕಡಿದು ಕೂಡಿಸಿದ ಎಳೆಗಳ ಗಂಟು ಎಣಿಸಿದೆ. ಒಂದು ಮೊಳಕ್ಕೆ ಮೂವತ್ತೊಂದು. ನೀರು ಎಲ್ಲಿಂದ, ಎಷ್ಟು, ಯಾವಾಗ ಎಂದೆಲ್ಲ ಬರೆದುಕೊಂಡಿದ್ದ ನಾನು, ಅಲ್ಲಿ ಕೂತು ನೇಯುವವಳನ್ನು ಒಂದು ಮಾತೂ ಕೇಳಿರಲಿಲ್ಲ.

ಮಾವನಿಗೆ ಹೇಳಲಿಲ್ಲ. ಅವಳು ಕೊಡ ಹೊತ್ತು ಇಳಿದ ಮೇಲೆ ಮೆಟ್ಟಿಲು ಒರೆಸುವುದು ನನ್ನ ಕೆಲಸವಾಯಿತು. ಹದಿನೈದು ದಿನ ಹಾಗೆ ನಡೆಯಿತು.

ಹದಿನಾರನೆಯ ದಿನ ನಾನು ಏಳುವುದು ತಡವಾಯಿತು. ಅರಿವೆ ಹಿಡಿದು ಓಡಿದೆ. ಮೆಟ್ಟಿಲ ಮೇಲೆ ಅತ್ತೆಯ ಸಣ್ಣ ಹೆಜ್ಜೆಗಳು ಇರಲಿಲ್ಲ. ದೊಡ್ಡ, ಚಪ್ಪಟೆ ಪಾದದ ಗುರುತುಗಳು ಹನ್ನೊಂದೂ ಮೆಟ್ಟಿಲಿಗೆ ಇದ್ದವು. ಅಭ್ಯಾಸವಿಲ್ಲದ ಕೈಯಲ್ಲಿ ಕೊಡ ತುಳುಕಿದ ನೀರು ಅಲ್ಲಲ್ಲಿ ಹೊಳೆಯುತ್ತಿತ್ತು. ಬೆರಳುಗಳು ಕೆಳಮುಖವಾಗಿದ್ದವು. ಕೆಳಗಿನಿಂದ ಲಾಳಿಯ ಸದ್ದು ಎಲ್ಲೂ ತಡೆಯದೆ ಬರುತ್ತಿತ್ತು.

ಅರಿವೆಯನ್ನು ಗೂಟಕ್ಕೆ ಹಾಕಿ ನಿಂತೆ. ಹೆಜ್ಜೆಗಳು ತಮ್ಮಷ್ಟಕ್ಕೆ ಒಣಗಿದವು.